ಗೇಮ್‌ಪ್ಯಾಡಿಗೆಂದು ತೆರೆದ ಬಾಗಿಲು

ನೀರ್ಚಾಲಿನ ನಮ್ಮ ಮನೆಯಲ್ಲಿ ಇರುವುದು ಒಂದೇ ಡೆಸ್ಕ್‌ಟಾಪ್ ಗಣಕ. ಅದರಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದೆ, ಎರಡು ಖಾತೆಗಳಿವೆ. ನನ್ನ ಖಾತೆಯಲ್ಲಿ ಅನುವಾದದ ಕೆಲಸ, ಅಡಿಕೆ ಮಾರಿದ ಲೆಕ್ಕ, ಬ್ಯಾಂಕಿನ ವ್ಯವಹಾರ ನಡೆಯುತ್ತದೆ. ಮಕ್ಕಳ ಖಾತೆಯನ್ನು ಹೆಚ್ಚಾಗಿ ಬಳಸುವವನು ರಜೆಯಲ್ಲಿ ಪೆರ್ಲದಿಂದ ಬಂದು ಉಳಿಯುವ ಅಕ್ಕನ ಮಗ. ಅವನು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾನೆ, ಶಾಲೆಯ ಲಿಟ್ಲ್ ಕೈಟ್ಸ್ ಎಂಬ ಐಟಿ ಕೂಟದ ಸದಸ್ಯನೂ ಹೌದು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶವನ್ನು ಶಾಲೆಗಳಿಗೆ ತಂದು, 2017ರಲ್ಲಿ ಕೈಟ್ ಎಂಬ ಹೆಸರಿನ ಸಂಸ್ಥೆಯಾಗಿ ಬೆಳೆದುದರಿಂದ, ಕಾಸರಗೋಡಿನ ಕನ್ನಡ ಮಕ್ಕಳಿಗೆ ಲಿನಕ್ಸ್ ಎಂದರೆ ಶಾಲೆಯಲ್ಲಿ ದಿನವೂ ಕಾಣುವ ಗಣಕ, ಅಷ್ಟೆ. ಹೀಗಾಗಿ ಟರ್ಮಿನಲ್‌ನ ಕಪ್ಪು ಕಿಟಕಿ ತೆರೆದರೆ ಅವನು ಹೆದರುವುದಿಲ್ಲ. ಆಟವಾಡಲು ಕೈಯಲ್ಲಿ ಹಿಡಿಯುವ ಗೇಮ್‌ಪ್ಯಾಡಿಗೆ ಅನುಮತಿ ಕೊಡಲು ಹೋಗಿ ಆದ, ಕೆಳಗೆ ಬರೆದಿರುವ ಎಡವಟ್ಟಿನಲ್ಲಿ ಅವನ ಪಾಲೂ ಸ್ವಲ್ಪ ಉಂಟು, ಆದರೆ ಹೆಚ್ಚಿನದು ನನ್ನದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕೆಂಬುದು ಈ ವಿಷಯಕ್ಕೆ ಕೈಹಾಕುವ ಎಲ್ಲರಿಗೂ ಗೊತ್ತಿರುತ್ತದೆ.

ಮೊದಲು ಮನೆಗೆ ಬಂದದ್ದು ಕಾಸರಗೋಡು ಪೇಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಕೊಂಡ, ತಂತಿಯಿರುವ ಗೇಮ್‌ಪ್ಯಾಡ್. ಪೆಟ್ಟಿಗೆಯ ಮೇಲೆ ಯಾವುದೋ ಹೆಸರಿತ್ತು. ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಕೊಟ್ಟು ನೋಡಿದರೆ ಮಾತ್ರ 0079:0006 ಎಂಬ ಸಂಖ್ಯೆಯೂ ಡ್ರಾಗನ್‌ರೈಸ್ ಎಂಬ ಹೆಸರೂ ಕಂಡವು. ಅಗ್ಗದ ಗೇಮ್‌ಪ್ಯಾಡುಗಳಲ್ಲಿ ಬಹಳಷ್ಟರ ಹೊಟ್ಟೆಯೊಳಗೆ ಇರುವುದು ಇದೇ ಚಿಪ್. ಹೊರಗಿನ ಪ್ಲಾಸ್ಟಿಕ್ಕು ಮತ್ತು ಹೆಸರು ಮಾತ್ರ ಬೇರೆ ಬೇರೆ. ಅದನ್ನು ಸಿಕ್ಕಿಸಿದ ಕ್ಷಣದಲ್ಲೇ ಸೂಪರ್‌ಟಕ್ಸ್‌ಕಾರ್ಟ್ ಎಂಬ ಓಟದ ಆಟದ ಗಾಡಿ ಓಡಿತು. ಚಾಲಕ ತಂತ್ರಾಂಶವನ್ನು ಹುಡುಕಬೇಕಾಗಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ, ಯಾವ ಅನುಮತಿಯ ಮಾತೂ ಬರಲಿಲ್ಲ. ಏಕೆ ಬರಲಿಲ್ಲ ಎಂದು ನಾನು ಆಗಲೇ ಯೋಚಿಸಿದ್ದರೆ ಮುಂದಿನ ಎರಡು ತಿಂಗಳ ಅಪಾಯ ತಪ್ಪುತ್ತಿತ್ತು.

ಲಿನಕ್ಸಿನಲ್ಲಿ ಸಾಧನಗಳು ಕಡತಗಳಂತೆ ಕಾಣಿಸುತ್ತವೆ. ಗೇಮ್‌ಪ್ಯಾಡನ್ನು ಸಿಕ್ಕಿಸಿದೊಡನೆ /ಡೆವ್/ಇನ್‌ಪುಟ್ ಎಂಬ ಕೋಶದಲ್ಲಿ ಸಾಮಾನ್ಯವಾಗಿ ಎರಡು ಹೊಸ ಕಡತಗಳು ಹುಟ್ಟುತ್ತವೆ. ಒಂದರ ಹೆಸರು ಜೆಎಸ್0 ಎಂಬಂತಿರುತ್ತದೆ, ಇನ್ನೊಂದರದು ಇವೆಂಟ್17 ಎಂಬಂತೆ. ಜೆಎಸ್ ಎಂಬುದು ಹಳೆಯ ಜಾಯ್‌ಸ್ಟಿಕ್ ಮಾರ್ಗ. ಅದರಲ್ಲಿ ಗುಂಡಿ ಒತ್ತಿದ್ದನ್ನೂ ಕೋಲು ಸರಿದದ್ದನ್ನೂ ಓದಬಹುದು, ಆದರೆ ಗೇಮ್‌ಪ್ಯಾಡನ್ನು ಕಂಪಿಸುವಂತೆ ಮಾಡಲಾಗುವುದಿಲ್ಲ. ಇವೆಂಟ್ ಎಂಬುದು ಈಗಿನ ಮಾರ್ಗ. ಕಂಪನದ ಆದೇಶವನ್ನು ಅದರ ಮೂಲಕವೇ ಕಳುಹಿಸಬೇಕು, ಹಾಗಾಗಿ ಆಟಕ್ಕೆ ಆ ಕಡತವನ್ನು ಓದುವ ಅನುಮತಿಯೊಂದೇ ಸಾಲದು, ಬರೆಯುವ ಅನುಮತಿಯೂ ಬೇಕು. ಗಾಡಿ ಗೋಡೆಗೆ ಬಡಿದಾಗ ಕೈಯಲ್ಲಿರುವ ಪ್ಯಾಡ್ ನಡುಗುವುದಿಲ್ಲ, ಉಳಿದದ್ದೆಲ್ಲ ಸರಿಯಿದೆ ಎಂದಾದರೆ, ಸಂಶಯಪಡಬೇಕಾದ ಸ್ಥಳಗಳಲ್ಲಿ ಇದೂ ಒಂದು.

ಇವೆಂಟ್ ಕಡತಗಳು ಗೇಮ್‌ಪ್ಯಾಡಿಗೆ ಮಾತ್ರ ಮೀಸಲಾದವುಗಳಲ್ಲ. ಕೀಬೋರ್ಡ್, ಮೌಸ್, ಲ್ಯಾಪ್‌ಟಾಪಿನ ಟಚ್‌ಪ್ಯಾಡ್, ಪವರ್ ಗುಂಡಿ, ಇವೆಲ್ಲಕ್ಕೂ ಅದೇ ಕೋಶದಲ್ಲಿ ಅದೇ ಬಗೆಯ ಕಡತಗಳಿರುತ್ತವೆ. ಕರ್ನೆಲ್‌ನ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನ, ದೃಷ್ಟಿಯಲ್ಲಿ ನನ್ನ ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಕೀಲಿಯೂ ಮಗು ಕಾರು ಓಡಿಸಲು ಒತ್ತುವ ಗುಂಡಿಯೂ ಒಂದೇ ಜಾತಿಯ ಘಟನೆಗಳು. ಆ ಕಾರಣಕ್ಕೇ ಈ ಕಡತಗಳು ಎಲ್ಲರಿಗೂ ತೆರೆದಿರುವುದಿಲ್ಲ. ಗಣಕದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಜೊತೆಯಲ್ಲಿ ಬರುವ ಮೂಲ ನಿಯಮಗಳ ಪ್ರಕಾರ ಇವೆಂಟ್ ಕಡತಗಳ ಒಡೆಯ ರೂಟ್ (ಸರ್ವಾಧಿಕಾರದ ಖಾತೆ), ಗುಂಪು ಇನ್‌ಪುಟ್, ಅನುಮತಿ 0660. ಅಂದರೆ ಒಡೆಯ ಮತ್ತು ಗುಂಪಿನವರು ಓದಬಹುದು, ಬರೆಯಬಹುದು, ಉಳಿದವರಿಗೆ ಏನೂ ಇಲ್ಲ. ಜೆಎಸ್ ಕಡತಗಳಿಗೆ ಮಾತ್ರ 0664 ಎಂದಿದೆ. ಅವುಗಳಲ್ಲಿ ಕೀಬೋರ್ಡಿನ ಸುದ್ದಿ ಬರುವುದಿಲ್ಲವಾದ್ದರಿಂದ ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ಈ ಸಣ್ಣ ವ್ಯತ್ಯಾಸ ಮುಂದೆ ನನ್ನನ್ನು ಒಂದು ಸಂಜೆಯಿಡೀ ದಾರಿ ತಪ್ಪಿಸಿತು.

ಎರಡನೆಯ ಕಂಟ್ರೋಲರ್ ಬಂದದ್ದು ಶಾರ್ಜಾದಿಂದ. ಊರಿಗೆ ಬಂದ ಭಾವ ಮಗನಿಗಾಗಿ ಸೋನಿಯ ಡುಯಲ್‌ಸೆನ್ಸ್ ತಂದುಕೊಟ್ಟರು. ಇದಕ್ಕೆ ಬೇಕಾದ ಚಾಲಕವನ್ನು ಸೋನಿಯವರೇ ಬರೆದುಕೊಟ್ಟು ಅದು 2021ರಲ್ಲಿ ಕರ್ನೆಲ್ 5.12ಕ್ಕೆ ಸೇರಿದ್ದರಿಂದ, ಡೆಬಿಯನ್ 12ರ 6.1ನೆಯ ಕರ್ನೆಲ್‌ನಲ್ಲಿ ಅದು ಮೊದಲೇ ಇತ್ತು. ಗುಂಡಿಗಳು ಕೆಲಸ ಮಾಡಿದವು, ಕಂಪನವೂ ಬಂತು. ಕಂಟ್ರೋಲರಿನ ನಡುವೆ ಇರುವ ಚಪ್ಪಟೆ ಸ್ಪರ್ಶಫಲಕವನ್ನು ಸವರಿದರೆ ಪರದೆಯ ಮೇಲೆ ಮೌಸಿನ ಬಾಣವೂ ಓಡಿತು, ಏಕೆಂದರೆ ಚಾಲಕವು ಅದನ್ನು ಪ್ರತ್ಯೇಕ ಟಚ್‌ಪ್ಯಾಡ್ ಎಂದೇ ಇನ್ನೊಂದು ಇವೆಂಟ್ ಕಡತದಲ್ಲಿ ತೋರಿಸುತ್ತದೆ. ಬರದೇ ಇದ್ದದ್ದು ಒಂದೇ: ಕಂಟ್ರೋಲರನ್ನು ಕೈಯಲ್ಲಿ ಓರೆ ಮಾಡಿದರೆ ಆಟದೊಳಗೆ ದಿಕ್ಕು ತಿರುಗುವ ಸೌಲಭ್ಯ.

‘ಮಾವ, ಓರೆ ಮಾಡಿದರೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಪರ್ಮಿಷನ್ ಇಲ್ಲ ಅಂತ ಬರ್ತದೆ,’ ಎಂದ ಹುಡುಗ, ಟರ್ಮಿನಲ್‌ನ ಸಾಲನ್ನು ತೋರಿಸುತ್ತ.

ಇಂಥ ಸಂದರ್ಭದಲ್ಲಿ ಎಲ್ಲೆಡೆ ಸಿಗುವ ಸಲಹೆ ಎರಡು ಬಗೆಯದು. ಮೊದಲನೆಯದು ಸಿಎಚ್‌ಮಾಡ್ ಆಜ್ಞೆಯಿಂದ ಆ ಕಡತವನ್ನು ಎಲ್ಲರಿಗೂ ತೆರೆದುಬಿಡುವುದು. ಅದು ಹೆಚ್ಚು ಹೊತ್ತು ಬಾಳುವುದಿಲ್ಲ. /ಡೆವ್ ಎಂಬುದು ಡಿಸ್ಕಿನ ಮೇಲಿರುವ ಕೋಶವಲ್ಲ, ನೆನಪಿನಲ್ಲಿ ಮಾತ್ರ ಇರುವಂಥದ್ದು. ಸಾಧನವನ್ನು ಕಳಚಿ ಮತ್ತೆ ಸಿಕ್ಕಿಸಿದರೆ ಹಳೆಯ ಕಡತ ಹೋಗಿ ಹೊಸದು ಹುಟ್ಟುತ್ತದೆ, ಕೆಲವೊಮ್ಮೆ ಬೇರೆ ಸಂಖ್ಯೆಯೊಂದಿಗೆ. ಎರಡನೆಯ ಸಲಹೆ ಬಳಕೆದಾರನನ್ನು ಇನ್‌ಪುಟ್ ಗುಂಪಿಗೆ ಸೇರಿಸುವುದು. ಇದು ಶಾಶ್ವತ, ಒಂದೇ ಸಾಲಿನ ಕೆಲಸ, ಕೇಳುವುದಕ್ಕೂ ಮರ್ಯಾದೆಯ ಉಪಾಯದಂತೆ ಕಾಣುತ್ತದೆ. ನಾನು ಅದನ್ನೇ ಮಾಡಿದೆ. ಮಕ್ಕಳ ಖಾತೆಯನ್ನು ಇನ್‌ಪುಟ್ ಗುಂಪಿಗೆ ಸೇರಿಸಿ, ಗುಂಪಿನ ಬದಲಾವಣೆ ಜಾರಿಗೆ ಬರಲು ಹೊರಹೋಗಿ ಒಳಬರಬೇಕಾದ್ದರಿಂದ ಗಣಕವನ್ನೇ ಮರುಚಾಲನೆ ಮಾಡಿದೆ. ಓರೆ ಮಾಡಿದರೆ ಆಗಲೂ ಏನೂ ಆಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಹುಡುಗ ಊಟಕ್ಕೆ ಹೋದ, ರಜೆ ಮುಗಿದು ಅವನು ಪೆರ್ಲಕ್ಕೆ ಮರಳಿದ. ಗುಂಪಿನ ಸದಸ್ಯತ್ವ ಮಾತ್ರ ಹಾಗೆಯೇ ಉಳಿಯಿತು.

ಎರಡು ತಿಂಗಳ ಬಳಿಕ ಬೇರೆ ಯಾವುದೋ ಕಾರಣಕ್ಕೆ ಇವಿಟೆಸ್ಟ್ ಎಂಬ ಪರೀಕ್ಷಾ ಸಲಕರಣೆಯನ್ನು ಮಕ್ಕಳ ಖಾತೆಯಲ್ಲಿ ಚಾಲೂ ಮಾಡಿದೆ. ಅದು ಇನ್‌ಪುಟ್ ಸಾಧನಗಳ ಪಟ್ಟಿ ಕೊಟ್ಟು, ಯಾವುದನ್ನು ನೋಡಬೇಕೆಂದು ಕೇಳುತ್ತದೆ. ಸಾಮಾನ್ಯ ಖಾತೆಯಲ್ಲಿ ಆ ಪಟ್ಟಿಯಲ್ಲಿ ಗೇಮ್‌ಪ್ಯಾಡ್ ಮಾತ್ರ ಕಾಣಬೇಕಿತ್ತು. ಇಲ್ಲಿ ಕೀಬೋರ್ಡ್ ಕೂಡ ಕಂಡಿತು. ಅದನ್ನು ಆರಿಸಿ, ಬರುವ ಸಾಲುಗಳೆಲ್ಲ ಒಂದು ಕಡತಕ್ಕೆ ಹೋಗುವಂತೆ ಮಾಡಿ, ಆ ಖಾತೆಯನ್ನು ಮುಚ್ಚದೆ ಹಿನ್ನೆಲೆಯಲ್ಲಿ ಬಿಟ್ಟು, ನನ್ನ ಖಾತೆಗೆ ಬದಲಾಯಿಸಿಕೊಂಡೆ. ಒಳಬರುವಾಗ ನನ್ನ ಪಾಸ್‌ವರ್ಡ್ ಒತ್ತಿದೆ, ಒಂದು ಟಿಪ್ಪಣಿಯಲ್ಲಿ ಎರಡು ಸಾಲು ಬರೆದೆ. ಮರಳಿ ಮಕ್ಕಳ ಖಾತೆಗೆ ಬಂದು ಆ ಕಡತವನ್ನು ತೆರೆದರೆ, ಒತ್ತಿದ ಒಂದೊಂದು ಕೀಲಿಯೂ ಹೆಸರು ಸಮೇತ, ಸೆಕೆಂಡಿನ ಭಿನ್ನಾಂಶದ ಲೆಕ್ಕದೊಂದಿಗೆ, ಅಲ್ಲಿ ಸಾಲುಗಟ್ಟಿತ್ತು. ನನ್ನ ಪಾಸ್‌ವರ್ಡನ್ನು ಮೇಲಿಂದ ಕೆಳಕ್ಕೆ ಓದಿಕೊಳ್ಳಬಹುದಾಗಿತ್ತು.

ಹುಡುಗನ ಮೇಲೆ ನನಗೆ ಸಂಶಯವಿಲ್ಲ. ಭಯ ಅವನದಲ್ಲ, ಅವನ ಖಾತೆಯಲ್ಲಿ ಓಡುವ ಕಾರ್ಯಕ್ರಮಗಳದ್ದು. ಎಲ್ಲಿಂದಲೋ ಇಳಿಸಿಕೊಂಡ ಆಟ, ಆಟಕ್ಕೆ ಯಾರೋ ಮಾಡಿದ ಸೇರ್ಪಡೆ, ಇವೆಲ್ಲ ಅವನ ಖಾತೆಯ ಅಧಿಕಾರದಲ್ಲೇ ಓಡುತ್ತವೆ. ಇನ್‌ಪುಟ್ ಗುಂಪಿನಲ್ಲಿರುವ ಖಾತೆಯ ಪ್ರತಿಯೊಂದು ಕಾರ್ಯಕ್ರಮವೂ ಆ ಗಣಕದ ಮುಂದೆ ಯಾರೇ ಕೂತಿರಲಿ, ಯಾವ ಖಾತೆಯಲ್ಲೇ ಇರಲಿ, ಅವರು ಒತ್ತುವುದನ್ನೆಲ್ಲ ಓದಬಲ್ಲದು. ಪರದೆಯನ್ನು ನಡೆಸುವ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಒಂದೇ ಪರದೆಯ ಕಾರ್ಯಕ್ರಮಗಳು ಪರಸ್ಪರರ ಕೀಲಿಗಳನ್ನು ಕದ್ದು ಕೇಳುವುದು ಸಾಧ್ಯವಿತ್ತು, ಆ ಕಿಂಡಿಯನ್ನು ಮುಚ್ಚಿದ್ದು ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನ ದೊಡ್ಡ ಲಾಭಗಳಲ್ಲಿ ಒಂದು ಎನ್ನುತ್ತಾರೆ. ಇನ್‌ಪುಟ್ ಗುಂಪಿಗೆ ಸೇರಿಸಿದಾಗ ನಾವು ಆ ಕಿಂಡಿಯನ್ನು ಮತ್ತೆ ತೆರೆಯುವುದಷ್ಟೇ ಅಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೂ ತೂತು ಕೊರೆಯುತ್ತೇವೆ. ಹಾಗೆ ಕೊರೆದೂ ನಮಗೆ ಬೇಕಾಗಿದ್ದ ಓರೆಯ ಸೌಲಭ್ಯ ಸಿಗಲಿಲ್ಲ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ರಾತ್ರಿಯೇ ಜಿಪಾಸ್‌ಡಬ್ಲ್ಯುಡಿ ಆಜ್ಞೆಯಿಂದ ಮಕ್ಕಳ ಖಾತೆಯನ್ನು ಗುಂಪಿನಿಂದ ತೆಗೆದೆ, ನನ್ನ ಪಾಸ್‌ವರ್ಡುಗಳನ್ನು ಬದಲಾಯಿಸಿದೆ. ಆಮೇಲೆ ಕೇಳಿಕೊಂಡ ಪ್ರಶ್ನೆ, ಮೊದಲೇ ಕೇಳಿಕೊಳ್ಳಬೇಕಾಗಿದ್ದದ್ದು: ಅಗ್ಗದ ಗೇಮ್‌ಪ್ಯಾಡ್ ಯಾವ ಗುಂಪೂ ಇಲ್ಲದೆ ಹೇಗೆ ಓಡಿತು?

ಉತ್ತರ ಕಡತಗಳ ಪಟ್ಟಿಯಲ್ಲೇ ಇತ್ತು. ಎಲ್‌ಎಸ್ ಆಜ್ಞೆಯಲ್ಲಿ ಅನುಮತಿಯ ಅಕ್ಷರಗಳ ಕೊನೆಗೆ, ಗೇಮ್‌ಪ್ಯಾಡಿನ ಸಾಲಿನಲ್ಲಿ ಮಾತ್ರ, ಒಂದು ಸಣ್ಣ ಕೂಡಿಸುವ ಚಿಹ್ನೆ ಇರುತ್ತದೆ. ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗಗಳ ಹೊರಗೆ ಇನ್ನೊಂದು ಪಟ್ಟಿಯೂ ಈ ಕಡತಕ್ಕೆ ಇದೆ ಎಂದು ಆ ಚಿಹ್ನೆ ಹೇಳುತ್ತದೆ. ಗೆಟ್‌ಎಫ್‌ಎಸಿಎಲ್ ಎಂಬ ಆಜ್ಞೆಯಿಂದ ಆ ಪಟ್ಟಿಯನ್ನು ಬಿಡಿಸಿ ನೋಡಿದರೆ, ಆ ಹೊತ್ತಿಗೆ ಗಣಕದ ಮುಂದೆ ಕೂತಿರುವ ಬಳಕೆದಾರನ ಹೆಸರೂ ಅವನಿಗೆ ಓದು-ಬರಹದ ಅನುಮತಿಯೂ ಕಾಣುತ್ತವೆ. ಯುನಿಕ್ಸಿನ ಮೂರು ವರ್ಗಗಳಿಗೆ ‘ಈಗ ಮುಂದೆ ಕೂತವನು’ ಎಂಬ ಕಲ್ಪನೆಯೇ ಇಲ್ಲ. ಅದನ್ನು ಹೊಂದಿಸಲು ಹಿಂದೆ ಬೇರೆ ಬೇರೆ ಪ್ರಯತ್ನಗಳು ನಡೆದಿದ್ದವು. ಈಗ ಆ ಕೆಲಸವನ್ನು ಸಿಸ್ಟಮ್‌ಡಿಯಲ್ಲಿ ಯಾರು ಒಳಬಂದಿದ್ದಾರೆಂದು ನೋಡಿಕೊಳ್ಳುವ ಲಾಗಿನ್‌ಡಿ ಮತ್ತು ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಒಟ್ಟಾಗಿ ಮಾಡುತ್ತವೆ. ಯೂಡೆವ್ 2003ರಲ್ಲಿ ಬಂದದ್ದು, 2012ರಲ್ಲಿ ಸಿಸ್ಟಮ್‌ಡಿಯ ಭಾಗವಾಯಿತು.

ಕೆಲಸ ನಡೆಯುವ ಕ್ರಮ ಹೀಗೆ. ಸಾಧನ ಸಿಕ್ಕಿಸಿದಾಗ ಕರ್ನೆಲ್ ಸುದ್ದಿ ಕೊಡುತ್ತದೆ. ಯೂಡೆವ್ ತನ್ನ ನಿಯಮಗಳ ಕಡತಗಳನ್ನು ಹೆಸರಿನ ಅನುಕ್ರಮದಲ್ಲಿ ಒಂದೊಂದಾಗಿ ಓದುತ್ತ ಹೋಗುತ್ತದೆ. ಹೆಸರುಗಳ ಮೊದಲಿಗೆ 50, 60, 70 ಎಂಬ ಸಂಖ್ಯೆಗಳಿರುವುದು ಈ ಅನುಕ್ರಮಕ್ಕಾಗಿಯೇ. ಸಾಧನ ಯಾವ ಯಾವ ಗುಂಡಿ ಮತ್ತು ಅಕ್ಷಗಳನ್ನು ಘೋಷಿಸಿಕೊಂಡಿದೆ ಎಂಬುದನ್ನು ನೋಡಿ ಅದು ಕೀಬೋರ್ಡೋ ಮೌಸೋ ಜಾಯ್‌ಸ್ಟಿಕ್ಕೋ ಎಂದು ಊಹಿಸಿ ಗುರುತು ಹಾಕಲಾಗುತ್ತದೆ. 70-ಯುಆಕ್ಸೆಸ್ ಎಂಬ ಕಡತದಲ್ಲಿ, ಜಾಯ್‌ಸ್ಟಿಕ್ ಎಂದು ಗುರುತಾದ ಇನ್‌ಪುಟ್ ಸಾಧನಕ್ಕೆ ‘ಯುಆಕ್ಸೆಸ್’ ಎಂಬ ಚೀಟಿ ಅಂಟಿಸಬೇಕೆಂಬ ಒಂದು ಸಾಲಿದೆ. ಬಳಿಕ 73-ಸೀಟ್-ಲೇಟ್ ಎಂಬ ಕಡತದ ಸರದಿ ಬಂದಾಗ, ಆ ಚೀಟಿ ಇರುವ ಸಾಧನಗಳ ಅನುಮತಿಯ ಪಟ್ಟಿಯಲ್ಲಿ ಆಗ ಮುಂದೆ ಕೂತಿರುವವನ ಹೆಸರು ಸೇರುತ್ತದೆ. ಖಾತೆ ಬದಲಾದರೆ ಲಾಗಿನ್‌ಡಿ ಹಳೆಯ ಹೆಸರನ್ನು ತೆಗೆದು ಹೊಸದನ್ನು ಬರೆಯುತ್ತದೆ. ಕೀಬೋರ್ಡಿಗೆ ಆ ಚೀಟಿ ಸಿಗುವುದಿಲ್ಲ.

ಬಾಯಾರು, ಪೈವಳಿಕೆ ಕಡೆಯ ತೋಟಗಳಲ್ಲಿ ಸುರಂಗದ ನೀರನ್ನು ಸರದಿಯ ಮೇಲೆ ಬಿಡುವುದನ್ನು ಕಂಡವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾದೀತು. ನೀರು ಯಾರ ಸೊತ್ತು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ, ಈಗ ಯಾರ ಸರದಿ ಎಂಬುದಷ್ಟೇ ಮುಖ್ಯ. ಒಂದು ಕೊರತೆಯೂ ಅದೇ ಬಗೆಯದು: ಸರದಿ ಮುಗಿದು ಕಟ್ಟ ಮುಚ್ಚಿದರೂ ತೋಡಿಗೆ ಆಗಲೇ ಇಳಿದ ನೀರು ಹರಿಯುತ್ತಲೇ ಇರುವಂತೆ, ಹಿಂದಿನ ಖಾತೆಯಲ್ಲಿ ಗೇಮ್‌ಪ್ಯಾಡನ್ನು ಆಗಲೇ ತೆರೆದಿಟ್ಟುಕೊಂಡ ಆಟ, ಪಟ್ಟಿಯಿಂದ ಹೆಸರು ಹೋದ ಮೇಲೂ ಅದನ್ನು ಓದುತ್ತಿರಬಲ್ಲದು. ಅನುಮತಿಯನ್ನು ಪರೀಕ್ಷಿಸುವುದು ಕಡತವನ್ನು ತೆರೆಯುವಾಗ ಮಾತ್ರ. ಊಹೆಯಿಂದ ಗುರುತು ಹಾಕುವಲ್ಲಿಯೂ ತಪ್ಪುಗಳಾಗುವುದುಂಟು. ಇರಬೇಕಾದದ್ದಕ್ಕಿಂತ ಹೆಚ್ಚು ಗುಂಡಿಗಳನ್ನು ಘೋಷಿಸಿಕೊಳ್ಳುವ ಕೆಲವು ಕೀಬೋರ್ಡ್, ಮೌಸ್‌ಗಳು ಜಾಯ್‌ಸ್ಟಿಕ್ಕಿನ ಗುರುತು ಪಡೆದುಬಿಡುತ್ತವೆ. ಹಾಗಿದ್ದರೂ ಇನ್‌ಪುಟ್ ಗುಂಪಿನ ಎದುರು ಇದು ಎಷ್ಟೋ ಪಾಲು ಮೇಲು.

ಇನ್ನು ಓರೆಯ ಸೌಲಭ್ಯ. ಡುಯಲ್‌ಸೆನ್ಸ್‌ನಂಥ ಕಂಟ್ರೋಲರ್‌ಗಳನ್ನು ಎಸ್‌ಡಿಎಲ್ ಎಂಬ ಗ್ರಂಥಾಲಯ (ಆಟಗಳು ಹಂಚಿಕೊಳ್ಳುವ ಸಿದ್ಧ ತಂತ್ರಾಂಶ) ಬಳಸುವ ಆಟಗಳು ಇವೆಂಟ್ ಕಡತದ ಮೂಲಕವಲ್ಲದೆ, ಸಾಧ್ಯವಾದರೆ, ಹಿಡ್‌ರಾ ಎಂಬ ಇನ್ನೊಂದು ಕಡತದ ಮೂಲಕ ನೇರವಾಗಿ ಮಾತಾಡಿಸಲು ನೋಡುತ್ತವೆ. ಹಿಡ್‌ರಾ ಎಂದರೆ ಸಾಧನ ಕಳುಹಿಸುವ ಬೈಟುಗಳನ್ನು ಕರ್ನೆಲ್ ಅರ್ಥಮಾಡಿಸಲು ಹೋಗದೆ ಇದ್ದ ಹಾಗೆಯೇ ಕೈಗೆ ಕೊಡುವ ಮಾರ್ಗ. ಅದು ಸಿಗದಿದ್ದರೆ ಗ್ರಂಥಾಲಯ ಸದ್ದಿಲ್ಲದೆ ಇವೆಂಟ್ ಮಾರ್ಗಕ್ಕೆ ಮರಳುತ್ತದೆ. ನಮ್ಮಲ್ಲಿ ಆದದ್ದು ಅದೇ. ಗುಂಡಿಗಳು ಸರಿ, ಓಲಾಟದ ಸುದ್ದಿ ಇಲ್ಲ. ಹಿಡ್‌ರಾ ಕಡತಗಳ ಒಡೆಯ ರೂಟ್, ಗುಂಪೂ ರೂಟ್, ಅನುಮತಿ 0600, ಅಂದರೆ ಒಡೆಯನಿಗೆ ಮಾತ್ರ. ಇನ್‌ಪುಟ್ ಗುಂಪಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಕೊಟ್ಟ ಔಷಧಿ ಬೇರೆ ರೋಗದ್ದಾಗಿತ್ತು.

ಎಲ್ಲ ಹಿಡ್‌ರಾ ಕಡತಗಳನ್ನೂ 0666, ಅಂದರೆ ಎಲ್ಲರಿಗೂ ಓದು-ಬರಹ, ಮಾಡಿಬಿಡುವ ನಿಯಮವನ್ನು ಕೆಲವರು ಸೂಚಿಸುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಯುಎಸ್‌ಬಿ ಕೀಬೋರ್ಡಿಗೂ ಒಂದು ಹಿಡ್‌ರಾ ಕಡತವಿರುತ್ತದೆ, ಖಾತೆಗಳಿಗೆ ಎರಡನೆಯ ಬೀಗವಾಗಿ ಬಳಸುವ ಫೈಡೋ ಭದ್ರತಾ ಕೀಲಿಗೂ ಇರುತ್ತದೆ. ಬೇಕಾಗಿರುವುದು ಒಂದೇ ಕಂಟ್ರೋಲರಿಗೆ, ಅದರ ತಯಾರಕ ಸಂಖ್ಯೆ ಮತ್ತು ಉತ್ಪನ್ನ ಸಂಖ್ಯೆಯನ್ನು ಹೆಸರಿಸಿ, ಯುಆಕ್ಸೆಸ್ ಚೀಟಿ ಅಂಟಿಸುವ ನಿಯಮ. ಡುಯಲ್‌ಸೆನ್ಸ್‌ಗೆ ಆ ಸಂಖ್ಯೆಗಳು 054ಸಿ ಮತ್ತು 0ಸಿಇ6.

ನಿಯಮವನ್ನು /ಇಟಿಸಿ/ಯೂಡೆವ್/ರೂಲ್ಸ್.ಡಿ ಕೋಶದಲ್ಲಿ ಬರೆದೆ. ನನ್ನ ನಿಯಮ ಎಲ್ಲಕ್ಕಿಂತ ಕೊನೆಗೆ ಬಂದು ಉಳಿದವುಗಳನ್ನು ಮೀರಲಿ ಎಂಬ ಎಣಿಕೆಯಿಂದ ಕಡತದ ಹೆಸರನ್ನು 99ರಿಂದ ಆರಂಭಿಸಿದೆ. ಯೂಡೆವ್‌ಎಡಿಎಂ ಆಜ್ಞೆಯಿಂದ ನಿಯಮಗಳನ್ನು ಮತ್ತೆ ಓದಿಸಿ, ಕೇಬಲ್ ಕಳಚಿ ಸಿಕ್ಕಿಸಿದೆ. ಸಾಧನದ ವಿವರ ಕೇಳಿದರೆ ಯುಆಕ್ಸೆಸ್ ಚೀಟಿ ಅಂಟಿರುವುದು ಕಾಣುತ್ತದೆ, ಆದರೆ ಅನುಮತಿಯ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಇನ್ನೂ ವಿಚಿತ್ರವೆಂದರೆ, ಮಕ್ಕಳ ಖಾತೆಗೆ ಹೋಗಿ ನೋಡಿದರೆ ಅಲ್ಲಿ ಹೆಸರು ಬಂದಿದೆ, ನನ್ನ ಖಾತೆಗೆ ಮರಳಿದರೆ ನನ್ನ ಹೆಸರೂ ಬರುತ್ತದೆ, ಕೇಬಲ್ ಮತ್ತೆ ಕಳಚಿ ಸಿಕ್ಕಿಸಿದರೆ ಮಾಯವಾಗುತ್ತದೆ. ದೆವ್ವದ ಕಾಟ ಎನ್ನಬೇಕು ಹಾಗೆ. ಕಾರಣ ಮೇಲೆ ಹೇಳಿದ ಅನುಕ್ರಮದಲ್ಲೇ ಇದೆ. ಚೀಟಿ ನೋಡಿ ಹೆಸರು ಬರೆಯುವ ಕೆಲಸ ನಡೆಯುವುದು 73ನೆಯ ಕಡತದಲ್ಲಿ. ನನ್ನ ಚೀಟಿ ಅಂಟುವುದು 99ರಲ್ಲಿ, ಗುಮಾಸ್ತ ಎದ್ದುಹೋದ ಮೇಲೆ. ಖಾತೆ ಬದಲಾಯಿಸಿದಾಗ ಲಾಗಿನ್‌ಡಿ ಚೀಟಿಯಿರುವ ಸಾಧನಗಳನ್ನೆಲ್ಲ ಹೊಸದಾಗಿ ಹುಡುಕುವುದರಿಂದ ಆಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಕಡತದ ಹೆಸರನ್ನು 70ರಿಂದ ಆರಂಭವಾಗುವಂತೆ ಬದಲಾಯಿಸಿದ ಮೇಲೆ ದೆವ್ವ ಬಿಟ್ಟಿತು. ದೊಡ್ಡ ಸಂಖ್ಯೆ ಕೊಟ್ಟರೆ ಹೆಚ್ಚು ಬಲ ಎಂಬ ನನ್ನ ಎಣಿಕೆ, ಈ ಒಂದು ಚೀಟಿಯ ಮಟ್ಟಿಗೆ, ತೀರ ತಲೆಕೆಳಗು.

ಇದಕ್ಕೆ ಮುನ್ನ ಕಳೆದುಕೊಂಡ ಒಂದು ಸಂಜೆಯ ಕಥೆಯನ್ನೂ ಹೇಳಬೇಕು. ಮಕ್ಕಳು ಗಣಕದ ಮುಂದೆ ಕೂತಿದ್ದಾಗ ಅವರನ್ನು ಎಬ್ಬಿಸುವುದು ಬೇಡವೆಂದು, ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಎಂಬ ದೂರಪ್ರವೇಶದ ಮೂಲಕ ಅದೇ ಗಣಕದ ನನ್ನ ಖಾತೆಗೆ ಹೋಗಿ ಅಗ್ಗದ ಗೇಮ್‌ಪ್ಯಾಡನ್ನು ಪರೀಕ್ಷಿಸುತ್ತಿದ್ದೆ. ಜೆಎಸ್‌ಟೆಸ್ಟ್ ಆಜ್ಞೆಗೆ ಗುಂಡಿಗಳೆಲ್ಲ ಕಾಣುತ್ತಿದ್ದವು. ಇವಿಟೆಸ್ಟ್‌ಗೆ ಅನುಮತಿ ನಿರಾಕರಣೆ. ಒಂದೇ ಸಾಧನ, ಒಂದೇ ಖಾತೆ, ಎರಡು ಉತ್ತರ. ನಿಯಮಗಳು ಎಲ್ಲೋ ಕೆಟ್ಟಿವೆ ಎಂದು ಒಂದೊಂದೇ ಕಡತವನ್ನು ತೆರೆದು ಓದುತ್ತ ಹೋದೆ. ನಿಜವಾಗಿ ಕೆಟ್ಟದ್ದು ಏನೂ ಇರಲಿಲ್ಲ. ದೂರದಿಂದ ಬಂದವನು ಗಣಕದ ಮುಂದೆ ಕೂತವನಲ್ಲ, ಆದ್ದರಿಂದ ಸರದಿಯ ಪಟ್ಟಿಯಲ್ಲಿ ಅವನ ಹೆಸರು ಬರುವುದಿಲ್ಲ. ಆಗ ಇದ್ದದ್ದು ಒಳಗೆ ಆಡುತ್ತಿದ್ದ ಹುಡುಗನ ಹೆಸರು. ಜೆಎಸ್ ಕಡತ ಮಾತ್ರ 0664ರ ಕೃಪೆಯಿಂದ ಎಲ್ಲರಿಗೂ ತೆರೆದಿತ್ತು. ಜೆಎಸ್‌ಟೆಸ್ಟ್ ಓಡಿತು ಎಂಬುದರಿಂದ ಆಟವೂ ಓಡೀತು ಎಂದು ತೀರ್ಮಾನಿಸಬಾರದು ಎಂದು ಅಂದು ಕಲಿತೆ.

ಮತ್ತೊಂದು ತೊಡಕು ಬ್ಲೂಟೂತ್. ಕೇಬಲ್ ಇದ್ದಾಗ ನಿಯಮ ಚೆನ್ನಾಗಿ ಕೆಲಸ ಮಾಡಿತು, ನಿಸ್ತಂತುವಾದೊಡನೆ ಓರೆಯ ಸೌಲಭ್ಯ ಮತ್ತೆ ಹೋಯಿತು. ತಯಾರಕ ಸಂಖ್ಯೆಯನ್ನು ಹುಡುಕಲು ನಾನು ಬರೆದ ಷರತ್ತು ಯುಎಸ್‌ಬಿ ಸಾಧನದ ಗುಣಗಳನ್ನು ನೋಡುವಂಥದ್ದು. ಬ್ಲೂಟೂತಿನಲ್ಲಿ ಬಂದ ಕಂಟ್ರೋಲರಿನ ಮೇಲ್ಗಡೆಯ ವಂಶಾವಳಿಯಲ್ಲಿ ಅದರ ಆ ಗುಣಗಳಿರುವ ಯುಎಸ್‌ಬಿ ಸಾಧನವೇ ಇರುವುದಿಲ್ಲ. ಅಲ್ಲಿ ಮೂಲ ಸಾಧನದ ಹೆಸರಿನಲ್ಲೇ ಈ ಎರಡು ಸಂಖ್ಯೆಗಳು ಅಡಗಿರುತ್ತವೆ. ಹೆಸರು 0005 ಎಂದು ಆರಂಭವಾದರೆ ಬ್ಲೂಟೂತ್, 0003 ಆದರೆ ಯುಎಸ್‌ಬಿ. ಬಳಿಕ ತಯಾರಕ ಸಂಖ್ಯೆ, ಉತ್ಪನ್ನ ಸಂಖ್ಯೆ. ಹಾಗಾಗಿ ಕರ್ನೆಲ್ಸ್ ಎಂಬ ಷರತ್ತಿನಲ್ಲಿ ಆ ಹೆಸರನ್ನೇ ಹೊಂದಿಸುವ ಎರಡನೆಯ ಸಾಲು ಬರೆಯಬೇಕು. ಬರೆದೆ, ಆಗಲೂ ಹೊಂದಲಿಲ್ಲ. ಯುಎಸ್‌ಬಿ ಗುಣಗಳಲ್ಲಿ ಹದಿನಾರರ ಪದ್ಧತಿಯ ಅಕ್ಷರಗಳು (054ಸಿಯಲ್ಲಿರುವ ಸಿ ಅಂಥವು) ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರುತ್ತವೆ, ಈ ಹೆಸರಿನಲ್ಲಿ ದೊಡ್ಡ ಅಕ್ಷರಗಳಲ್ಲಿ. ಯೂಡೆವ್‌ಗೆ ಎರಡೂ ಬೇರೆ ಬೇರೆ. ಸಣ್ಣದು ದೊಡ್ಡದು ಎಂಬ ಗೋಜೇ ಇಲ್ಲದ ಲಿಪಿಯಲ್ಲಿ ಅಕ್ಷರ ತಿದ್ದಿದವನಿಗೆ ಇದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಇಷ್ಟೆಲ್ಲ ಕೈಯಾರೆ ಬರೆಯಬೇಕೇ ಎಂದು ಕೇಳಬಹುದು. ಬರೆಯದಿದ್ದರೂ ಆಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಸ್ಟೀಮ್-ಡಿವೈಸಸ್ ಎಂಬ ಪ್ಯಾಕೇಜು ಇದೆ. ಅದನ್ನು ಹಾಕಿಕೊಂಡರೆ ವಾಲ್ವ್ ಕಂಪನಿ ತನ್ನ ಆಟಗಳ ಮಳಿಗೆಯಾದ ಸ್ಟೀಮ್‌ಗಾಗಿ ಸಿದ್ಧಪಡಿಸಿದ ನಿಯಮಗಳು ಒಟ್ಟಿಗೆ ಬರುತ್ತವೆ. ಸೋನಿ, ನಿಂಟೆಂಡೊ ಮುಂತಾದವರ ಅನೇಕ ಕಂಟ್ರೋಲರ್‌ಗಳಿಗೆ ಕೇಬಲ್ಲಿಗೊಂದು, ಬ್ಲೂಟೂತಿಗೊಂದು ಸಾಲು ಅಲ್ಲಿವೆ, ಅಕ್ಷರಗಳ ಗಾತ್ರವೂ ಸರಿಯಾಗಿದೆ. ನನ್ನ ಎರಡನೆಯ ಸಾಲಿನ ತಪ್ಪನ್ನು ಕಂಡುಕೊಂಡದ್ದು ಆ ಕಡತವನ್ನು ಓದಿಯೇ. ಆದರೂ ಅದನ್ನು ಇಡಿಯಾಗಿ ಹಾಕಿಕೊಳ್ಳದೆ ನನಗೆ ಬೇಕಾದ ಎರಡು ಸಾಲುಗಳಲ್ಲೇ ನಿಲ್ಲಿಸಿದೆ. ಅದಕ್ಕೆ ಕಾರಣ ಅದರಲ್ಲಿರುವ ಯೂಇನ್‌ಪುಟ್ ಎಂಬ ಒಂದು ಸಾಲು.

ಯೂಇನ್‌ಪುಟ್ ಎಂಬ ಕಡತದ ಮೂಲಕ ಕಾರ್ಯಕ್ರಮವೊಂದು ಇಲ್ಲದ ಸಾಧನವನ್ನು ಇರುವಂತೆ ಸೃಷ್ಟಿಸಬಹುದು. ಒಂದು ಕಂಪನಿಯ ಕಂಟ್ರೋಲರನ್ನು ಆಟದ ಕಣ್ಣಿಗೆ ಇನ್ನೊಂದು ಕಂಪನಿಯದರಂತೆ ತೋರಿಸಲು ಸ್ಟೀಮ್‌ಗೆ ಇದು ನಿಜವಾಗಿಯೂ ಬೇಕು, ಅದರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಾಗೆ ಸೃಷ್ಟಿಸುವ ಸಾಧನ ಗೇಮ್‌ಪ್ಯಾಡೇ ಆಗಿರಬೇಕೆಂಬ ನಿರ್ಬಂಧ ಆ ಕಡತಕ್ಕಿಲ್ಲ. ಅದು ಕೀಬೋರ್ಡೂ ಆಗಬಹುದು. ಆಗ ಆ ಹೊತ್ತಿಗೆ ಮುಂದೆ ಕೂತಿರುವವನ ಖಾತೆಯ ಯಾವುದೇ ಕಾರ್ಯಕ್ರಮ, ತೆರೆದಿರುವ ಟರ್ಮಿನಲ್‌ನಲ್ಲಿ ತಾನೇ ಆಜ್ಞೆ ಒತ್ತಬಲ್ಲದು. ಕದ್ದು ಓದುವುದು ಒಂದು ಅಪಾಯವಾದರೆ ನಮ್ಮ ಕೈಯಿಂದಲೇ ಬರೆದಂತೆ ಬರೆಯುವುದು ಇನ್ನೊಂದು. ಆಟಕ್ಕೆಂದೇ ಇಟ್ಟ ಗಣಕವಾಗಿದ್ದರೆ ನಾನು ಎರಡು ಬಾರಿ ಯೋಚಿಸದೆ ಪ್ಯಾಕೇಜನ್ನು ಹಾಕುತ್ತಿದ್ದೆ. ಬ್ಯಾಂಕಿನ ಕೆಲಸವೂ ನಡೆಯುವ ಈ ಗಣಕದಲ್ಲಿ, ಸ್ಟೀಮ್ ಅನ್ನು ಬಳಸದೇ ಇರುವಾಗ, ಆ ಸಾಲು ನಮಗೆ ಬೇಕಿರಲಿಲ್ಲ. ಇದು ಎಲ್ಲರೂ ಒಪ್ಪಬೇಕಾದ ಮಾತೇನಲ್ಲ.

ಫ್ಲಾಟ್‌ಪ್ಯಾಕ್, ಅಂದರೆ ಉಳಿದ ಗಣಕದಿಂದ ಬೇರ್ಪಡಿಸಿದ ಪೆಟ್ಟಿಗೆಯ, ರೂಪದಲ್ಲಿ ಆಟ ಹಾಕಿಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಪೆಟ್ಟಿಗೆಯೊಳಗಿನ ಆಟಕ್ಕೆ ಹೊರಗಿನ ಯೂಡೆವ್ ನಿಯಮಗಳನ್ನು ಬರೆಯುವ ಅಧಿಕಾರವಿಲ್ಲ, ಆದ್ದರಿಂದ ನಿಯಮ ಹೊರಗೆ ಪ್ರತ್ಯೇಕವಾಗಿ ಇರಲೇಬೇಕು. ಪೆಟ್ಟಿಗೆಗೂ ಸಾಧನಗಳನ್ನು ನೋಡುವ ಒಪ್ಪಿಗೆ ಬೇಕು. ಮೊದಲು ಅದು ಎಲ್ಲ ಸಾಧನಗಳಿಗೂ ಒಟ್ಟಾಗಿ ಕೊಡುವ ಒಪ್ಪಿಗೆಯಾಗಿತ್ತು, ಈಚಿನ ಆವೃತ್ತಿಗಳಲ್ಲಿ ಇನ್‌ಪುಟ್ ಸಾಧನಗಳಿಗೆ ಮಾತ್ರ ಕೊಡುವ ಆಯ್ಕೆ ಬಂದಿದೆ. ಆದರೆ ಹಿಡ್‌ರಾ ಕಡತಗಳು ಇರುವುದು /ಡೆವ್/ಇನ್‌ಪುಟ್ ಕೋಶದ ಹೊರಗೆ ಎಂಬುದನ್ನು ಮರೆಯಬಾರದು.

ಈಗ ನಮ್ಮ ಗಣಕದಲ್ಲಿ 70ರಿಂದ ಆರಂಭವಾಗುವ ಒಂದು ಪುಟ್ಟ ಕಡತವಿದೆ, ಅದರೊಳಗೆ ಎರಡು ಸಾಲುಗಳಿವೆ. ಇನ್‌ಪುಟ್ ಗುಂಪಿನಲ್ಲಿ ಯಾರೂ ಇಲ್ಲ. ಓಣಂ ರಜೆಗೆ ಬಂದ ಹುಡುಗ ಕಂಟ್ರೋಲರನ್ನು ಬ್ಲೂಟೂತಿನಲ್ಲಿ ಜೋಡಿಸಿ, ಓರೆ ಮಾಡಿ, ಆಟದಲ್ಲಿ ದಿಕ್ಕು ತಿರುಗುವುದನ್ನು ಕಂಡು ತೃಪ್ತನಾದ. ಆಮೇಲೆ ನಾನು ಅವನ ಖಾತೆಯಲ್ಲೇ ಇವಿಟೆಸ್ಟ್ ತೆರೆದು, ಪಟ್ಟಿಯಲ್ಲಿ ಕೀಬೋರ್ಡ್ ಕಾಣುವುದಿಲ್ಲ ಎಂಬುದನ್ನು ತೋರಿಸಿದೆ. ಹಿಂದೆ ಅದು ಕಾಣುತ್ತಿತ್ತು ಎಂಬುದರ ಅರ್ಥವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನನ್ನ ಪಾಸ್‌ವರ್ಡ್ ಕೂಡ ಆಟಕ್ಕೆ ಗೊತ್ತಾಗ್ತಿತ್ತಾ ಮಾವ?’ ಎಂದು ಕೇಳಿದ. ಹೌದೆಂದೆ. ಆಟ ನಿಲ್ಲಿಸಿ, ಮೊದಲು ತನ್ನ ಪಾಸ್‌ವರ್ಡ್ ಬದಲಾಯಿಸಲು ಕೂತ.